ಜಾವಾ ಲೋಕದ ಸುದ್ದಿ: ಜಮಖಂಡಿಯಲ್ಲಿ ಕುಳಿತು ತಿಳಿಯುವ ಬಗೆ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಎಂದೊಡನೆ ರಾಜ್ಯದ ಓದುಗರ ಕಣ್ಮುಂದೆ ಬರುವುದು ಕಬ್ಬಿನ ಹೊಲ, ಬೆಲ್ಲದ ಪೆಂಟೆ, ನೇಕಾರರ ಮಗ್ಗ, ಮುಧೋಳದ ಬೇಟೆನಾಯಿ ಮತ್ತು ಆಲಮಟ್ಟಿಯ ಹಿನ್ನೀರು. ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಂದ ಪ್ರತಿವರ್ಷ ಸದ್ದಿಲ್ಲದೆ ಹೊರಹೋಗುವ ಇನ್ನೊಂದು ಫಸಲೂ ಇದೆ. ಸಾಫ್ಟ್‌ವೇರ್ ಉದ್ಯೋಗ ಅರಸಿ ಬೆಂಗಳೂರು ಇಲ್ಲವೇ ಪುಣೆಯ ರಾತ್ರಿ ಬಸ್ಸು ಹತ್ತುವ ಯುವಜನರೇ ಆ ಫಸಲು. ಮುಧೋಳದಲ್ಲಿ ಬೀಳೂರು ಗುರುಬಸವ ಮಹಾಸ್ವಾಮೀಜಿ ತಾಂತ್ರಿಕ ಕಾಲೇಜು ಇದೆ. ಜಿಲ್ಲಾ ಕೇಂದ್ರದಲ್ಲಿ 1963ರಲ್ಲಿ ಆರಂಭವಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ. ಬಾಗಲಕೋಟೆ ವಿಶ್ವವಿದ್ಯಾಲಯ 2023ರಲ್ಲಿ ಕಾರ್ಯಾರಂಭ ಮಾಡಿದ್ದು ಜಮಖಂಡಿಯಲ್ಲಿಯೇ. ಇಲ್ಲಿಂದ ಗಣಕ ವಿಜ್ಞಾನ ಕಲಿತು ಹೊರಬರುವವರ ಕೈಯಲ್ಲಿ ಸಾಮಾನ್ಯವಾಗಿ ಇರುವ ಆಯುಧವೆಂದರೆ ಜಾವಾ ಎಂಬ ಕಂಪ್ಯೂಟರ್ ಭಾಷೆ.

ತೊಡಕಿರುವುದು ಆಯುಧದ ವಯಸ್ಸಿನಲ್ಲಿ. ಝೆರಾಕ್ಸ್ ಅಂಗಡಿಯಲ್ಲಿ ಕೈಯಿಂದ ಕೈಗೆ ದಾಟುವ ನೋಟ್ಸಿನಲ್ಲಿ ಇರುವ ಜಾವಾಕ್ಕೂ ಕಂಪನಿಯ ಸಂದರ್ಶನದಲ್ಲಿ ಕೇಳುವ ಜಾವಾಕ್ಕೂ ಕೆಲವೊಮ್ಮೆ ಹತ್ತು ವರ್ಷಗಳ ಅಂತರವಿರುತ್ತದೆ. ಆಪ್ಲೆಟ್ ಎಂಬ ವಿಷಯವನ್ನೇ ನೋಡಿ. ಬ್ರೌಸರಿನೊಳಗೆ ಓಡುವ ಈ ಪುಟ್ಟ ಜಾವಾ ಪ್ರೋಗ್ರಾಮುಗಳಿಗೆ ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಬಾಗಿಲು ಮುಚ್ಚಿದವು. ಜಾವಾ ಕೂಡ 9ನೆಯ ಆವೃತ್ತಿಯಲ್ಲಿ ಆಪ್ಲೆಟ್ ಬಳಸದಿರುವಂತೆ ಸೂಚಿಸಿತು, 17ರಲ್ಲಿ ತೆಗೆದುಹಾಕಲೆಂದೇ ಗುರುತು ಹಾಕಿತು, 26ರ ಸಿದ್ಧತೆಯಲ್ಲಿ ಬುಡಸಮೇತ ಕಿತ್ತುಹಾಕಿತು. ಆದರೂ ಹಳೆಯ ನೋಟ್ಸಿನಲ್ಲಿ ಆಪ್ಲೆಟ್ಟಿನ ಜೀವನಚಕ್ರ ಕುರಿತ ಹತ್ತು ಅಂಕದ ಉತ್ತರ ಇನ್ನೂ ಜೀವಂತವಾಗಿದೆ!

ಜಾವಾ ಲೋಕದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ತಿಳಿಯಲು ಬೆಂಗಳೂರಿನಲ್ಲಿಯೇ ಇರಬೇಕಾಗಿಲ್ಲ. ಈ ಭಾಷೆಯ ಸುದ್ದಿ ಬರುವುದು ಗೊತ್ತಾದ ದಿನಗಳಲ್ಲಿ, ಗೊತ್ತಾದ ಕೆಲವೇ ಬಾಗಿಲುಗಳ ಮೂಲಕ. ಆ ಪಂಚಾಂಗ ಮತ್ತು ಆ ಬಾಗಿಲುಗಳ ಪರಿಚಯವೇ ಈ ಲೇಖನದ ಉದ್ದೇಶ.

ಸಂಕ್ಷಿಪ್ತ ಇತಿಹಾಸ

ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ 1991ರಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ಆರಂಭಿಸಿದ ಯೋಜನೆಯೊಂದರ ಫಲವೇ ಜಾವಾ. ಮೊದಲು ಇಟ್ಟ ಹೆಸರು ಓಕ್. ಕೊನೆಗೆ ಉಳಿದದ್ದು ಕಾಫಿಯ ಹೆಸರು. 1995ರ ಮೇ ತಿಂಗಳಲ್ಲಿ ಲೋಕಕ್ಕೆ ಪ್ರಕಟವಾಯಿತು, 1996ರ ಜನವರಿಯಲ್ಲಿ ಮೊದಲ ಆವೃತ್ತಿ ಹೊರಬಂತು. ಒಮ್ಮೆ ಬರೆದ ಪ್ರೋಗ್ರಾಂ ಯಾವ ಯಂತ್ರದಲ್ಲಿ ಬೇಕಾದರೂ ಓಡಬೇಕು ಎಂಬುದು ಅದರ ವಾಗ್ದಾನವಾಗಿತ್ತು. 2010ರ ಜನವರಿಯಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. ಅಷ್ಟರಲ್ಲಿ, ಅಂದರೆ 2006-07ರ ಸುಮಾರಿಗೆ, ಜಾವಾದ ಮೂಲ ಕೋಡ್ ಮುಕ್ತವಾಗಿ ‘ಓಪನ್ ಜೆಡಿಕೆ’ ಎಂಬ ಯೋಜನೆಯಾಗಿ ಎಲ್ಲರಿಗೂ ಸಿಕ್ಕಿತ್ತು. ಹೆಸರಿನಲ್ಲಿ ಹೋಲಿಕೆಯಿದ್ದರೂ ಜಾವಾಸ್ಕ್ರಿಪ್ಟ್ ಎಂಬುದು ಬೇರೆಯೇ ಭಾಷೆ. ಈ ಗೊಂದಲದಿಂದ ತಪ್ಪು ಕೋರ್ಸಿಗೆ ಹಣ ಕಟ್ಟಿದವರೂ ಇದ್ದಾರೆ.

ಮಾರ್ಚ್ ಮತ್ತು ಸೆಪ್ಟೆಂಬರ್

ಮೊದಲೆಲ್ಲ ಜಾವಾದ ಹೊಸ ಆವೃತ್ತಿ ಯಾವಾಗ ಬರುತ್ತದೆ ಎಂಬುದನ್ನು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. 7ನೆಯ ಆವೃತ್ತಿ 2011ರಲ್ಲಿ, 8 ಬಂದದ್ದು 2014ರ ಮಾರ್ಚ್‌ನಲ್ಲಿ, 9 ಬಂದದ್ದು 2017ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳು ಒರಾಕಲ್‌ನ ಮುಖ್ಯ ಜಾವಾ ಶಿಲ್ಪಿ ಮಾರ್ಕ್ ರೈನ್‌ಹೋಲ್ಡ್ ಒಂದು ಪ್ರಸ್ತಾವ ಮುಂದಿಟ್ಟರು: ಇನ್ನು ಮುಂದೆ ಆರು ತಿಂಗಳಿಗೊಂದು ಆವೃತ್ತಿ, ಸಿದ್ಧವಾದದ್ದು ಬಸ್ಸು ಹತ್ತಲಿ, ಆಗದ್ದು ಮುಂದಿನ ಬಸ್ಸಿಗೆ ಕಾಯಲಿ. ಅಂದಿನಿಂದ ಪ್ರತಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಒಂದೊಂದು ಆವೃತ್ತಿ ತಪ್ಪದೆ ಬಂದಿದೆ. ನಮ್ಮ ಭಾಗದವರು ನೆನಪಿಡಲು ಒಂದು ಸುಲಭ ಗುರುತೆಂದರೆ, ಬಾಗಲಕೋಟೆಯ ಹೋಳಿ ಹಬ್ಬದ ಆಸುಪಾಸಿನಲ್ಲಿ ಒಂದು, ಗಣೇಶ ಚತುರ್ಥಿಯ ಆಸುಪಾಸಿನಲ್ಲಿ ಇನ್ನೊಂದು.

ಆರು ತಿಂಗಳಿಗೊಮ್ಮೆ ಬರುವುದೆಲ್ಲವನ್ನೂ ಕಂಪನಿಗಳು ಹಿಂಬಾಲಿಸುವುದಿಲ್ಲ. ಅವುಗಳ ಕಣ್ಣು ಇರುವುದು ದೀರ್ಘಾವಧಿ ಬೆಂಬಲದ ಆವೃತ್ತಿಗಳ ಮೇಲೆ. 8ರ ನಂತರ 2018ರಲ್ಲಿ 11, 2021ರಲ್ಲಿ 17, 2023ರಲ್ಲಿ 21, 2025ರ ಸೆಪ್ಟೆಂಬರ್ 16ರಂದು 25 ಬಂದವು. 17ರ ನಂತರ ಇವು ಎರಡು ವರ್ಷಕ್ಕೊಂದರಂತೆ ಬರುತ್ತಿವೆ. ಆದ್ದರಿಂದ ವಿದ್ಯಾರ್ಥಿಯೊಬ್ಬ ಎಲ್ಲ ಆವೃತ್ತಿಗಳ ಹಿಂದೆ ಓಡಬೇಕಾಗಿಲ್ಲ; ಈ ಐದರಲ್ಲಿ ಏನೇನು ಬದಲಾಯಿತು ಎಂಬುದು ಬಾಯಲ್ಲಿದ್ದರೆ ಸಾಕು.

ಇವೆರಡು ತಿಂಗಳುಗಳಲ್ಲದೆ ಇನ್ನೂ ನಾಲ್ಕು ದಿನಗಳಿವೆ. ಜನವರಿ, ಏಪ್ರಿಲ್, ಜುಲೈ ಹಾಗೂ ಅಕ್ಟೋಬರ್ ತಿಂಗಳ ಮೂರನೆಯ ಮಂಗಳವಾರ ಒರಾಕಲ್ ಭದ್ರತಾ ಲೋಪಗಳಿಗೆ ತೇಪೆ ಹಾಕಿ ಬಿಡುಗಡೆ ಮಾಡುತ್ತದೆ. ಹೊಸ ಆವೃತ್ತಿಯ ಸುದ್ದಿ ತಪ್ಪಿದರೆ ಜ್ಞಾನಕ್ಕೆ ನಷ್ಟ. ಈ ನಾಲ್ಕು ಮಂಗಳವಾರಗಳ ಸುದ್ದಿ ತಪ್ಪಿದರೆ ಸಂಸ್ಥೆಗೇ ನಷ್ಟ. ಜೂನ್ ಮತ್ತು ಡಿಸೆಂಬರ್ ತಿಂಗಳ ಆರಂಭದಲ್ಲಿ ಮುಂದಿನ ಆವೃತ್ತಿಗೆ ಹೊಸದನ್ನು ಸೇರಿಸುವ ಕೆಲಸ ನಿಲ್ಲುತ್ತದೆ. ಮೂರು ತಿಂಗಳ ನಂತರ ಏನು ಬರಲಿದೆ ಎಂಬುದು ಅಂದೇ ಬಹುಮಟ್ಟಿಗೆ ಗೊತ್ತಾಗುತ್ತದೆ.

ಮಗ್ಗದ ಹೆಸರಿನ ಯೋಜನೆ

ಜಾವಾದ ಸುದ್ದಿಯನ್ನು ಓದುವುದು ಹೇಗೆ ಎಂಬುದಕ್ಕೆ ರಬಕವಿ-ಬನಹಟ್ಟಿಯವರಿಗೆ ಹೇಳಿ ಮಾಡಿಸಿದಂಥ ಉದಾಹರಣೆಯೊಂದಿದೆ. 2017ರ ಹೊತ್ತಿಗೆ ಓಪನ್ ಜೆಡಿಕೆಯಲ್ಲಿ ‘ಲೂಮ್’ ಎಂಬ ಯೋಜನೆ ಆರಂಭವಾಯಿತು. ಲೂಮ್ ಎಂದರೆ ಮಗ್ಗ. ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳಿಗೆ ಥ್ರೆಡ್, ಅಂದರೆ ನೂಲು ಎಂಬ ಹೆಸರು ಇರುವುದರಿಂದ, ನೂಲುಗಳನ್ನು ನಿಭಾಯಿಸುವ ಯೋಜನೆಗೆ ಮಗ್ಗದ ಹೆಸರಿಟ್ಟರು.

ಅದು ಬಗೆಹರಿಸಲು ಹೊರಟ ಸಮಸ್ಯೆ ಇಷ್ಟು. ಬ್ಯಾಂಕಿನ ಸರ್ವರಿಗೆ ಹತ್ತು ಸಾವಿರ ಗ್ರಾಹಕರು ಒಮ್ಮೆಗೇ ಬಂದರೆನ್ನಿ. ಹಳೆಯ ಕ್ರಮದಲ್ಲಿ ಒಬ್ಬೊಬ್ಬ ಗ್ರಾಹಕನಿಗೆ ಒಂದೊಂದು ಥ್ರೆಡ್ ಮೀಸಲು. ಆ ಥ್ರೆಡ್ ದತ್ತಾಂಶ ಕೋಶದಿಂದ ಉತ್ತರ ಬರುವವರೆಗೆ ಕೈಕಟ್ಟಿ ನಿಂತಿರುತ್ತದೆ, ಆದರೂ ಯಂತ್ರದ ಜಾಗವನ್ನು ಆಕ್ರಮಿಸಿಕೊಂಡಿರುತ್ತದೆ. ಬನಹಟ್ಟಿಯ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಹೀಗೆ ಮಾಡಿದರೆ ಮಾಲೀಕ ಮುಳುಗಿಹೋಗುತ್ತಾನೆ. ಅಲ್ಲಿ ಒಬ್ಬ ಕೆಲಸಗಾರ ಹಲವು ಮಗ್ಗಗಳನ್ನು ನೋಡಿಕೊಳ್ಳುತ್ತಾನೆ. ಒಂದು ತಾನಾಗಿ ನೇಯುತ್ತಿರುವಾಗ ಇನ್ನೊಂದರ ಹರಿದ ಎಳೆ ಜೋಡಿಸುತ್ತಾನೆ. ಲೂಮ್ ಯೋಜನೆ ತಂದ ‘ವರ್ಚುವಲ್ ಥ್ರೆಡ್’ಗಳ ತಂತ್ರವೂ ಬಹುಪಾಲು ಇದೇ. ಕಾಯುತ್ತಿರುವ ಕೆಲಸವನ್ನು ಬದಿಗಿಟ್ಟು, ಅದೇ ಕೆಲಸಗಾರ ಇನ್ನೊಂದಕ್ಕೆ ಕೈಹಾಕುತ್ತಾನೆ.

ಈ ಕಥೆ ಒಂದೇ ದಿನದ ಸುದ್ದಿಯಾಗಿ ಬರಲಿಲ್ಲ, ಧಾರಾವಾಹಿಯಾಗಿ ಬಂತು. 2022ರ ಸೆಪ್ಟೆಂಬರ್‌ನ 19ನೆಯ ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ, 20ರಲ್ಲಿ ಮತ್ತೊಮ್ಮೆ ಪ್ರಾಯೋಗಿಕವಾಗಿ, 2023ರಲ್ಲಿ 21ರೊಂದಿಗೆ ಶಾಶ್ವತವಾಗಿ ಬಂತು. ಆದರೆ ಒಂದು ಕೊರತೆ ಉಳಿದಿತ್ತು. ‘ಸಿಂಕ್ರೊನೈಸ್ಡ್’ ಎಂದು ಬೀಗ ಹಾಕಿದ ಕೋಡಿನೊಳಗೆ ಕಾಯಬೇಕಾಗಿ ಬಂದರೆ ಕೆಲಸಗಾರ ಅಲ್ಲಿಯೇ ಸಿಕ್ಕಿಕೊಂಡು ಬೇರೆ ಮಗ್ಗದತ್ತ ಹೋಗಲಾಗುತ್ತಿರಲಿಲ್ಲ. 21 ಬಂದೊಡನೆ ಉತ್ಸಾಹದಿಂದ ಬದಲಾಯಿಸಿಕೊಂಡ ಕೆಲವು ಕಂಪನಿಗಳು ಇದೇ ಕಾರಣಕ್ಕೆ ಪೇಚಿಗೆ ಸಿಲುಕಿದವು. 2025ರ ಮಾರ್ಚ್‌ನಲ್ಲಿ ಬಂದ 24ನೆಯ ಆವೃತ್ತಿ ಅದನ್ನು ಬಹುತೇಕ ಸರಿಪಡಿಸಿತು. ಸಂದರ್ಶನದಲ್ಲಿ ‘ವರ್ಚುವಲ್ ಥ್ರೆಡ್ ಎಂದರೇನು’ ಎಂಬುದಕ್ಕೆ ಉತ್ತರ ಹೇಳುವವರು ನೂರು ಮಂದಿ ಸಿಗುತ್ತಾರೆ. 21ಕ್ಕೂ 24ಕ್ಕೂ ನಡುವೆ ಏನಾಯಿತು ಎಂದು ಹೇಳಬಲ್ಲವನು ಸುದ್ದಿಯನ್ನು ಓದಿದವನು ಮಾತ್ರ.

ಇಂಥ ಪ್ರತಿಯೊಂದು ಬದಲಾವಣೆಗೂ ಒಂದು ಪ್ರಸ್ತಾವ ಪತ್ರವಿರುತ್ತದೆ. ಅದಕ್ಕೆ ‘ಜೆಪ್’ ಎಂದು ಹೆಸರು, ಸಂಖ್ಯೆಯೂ ಇರುತ್ತದೆ. ವರ್ಚುವಲ್ ಥ್ರೆಡ್ಡಿನದು 444, ಅದರ ಕೊರತೆ ನೀಗಿಸಿದ್ದು 491. ಏಕೆ ಬದಲಿಸಬೇಕು, ಬೇರೆ ದಾರಿ ಏನಿತ್ತು, ಅಪಾಯವೇನು ಎಂಬುದೆಲ್ಲ ಅದರಲ್ಲಿ ಸರಳ ಇಂಗ್ಲಿಷಿನಲ್ಲಿರುತ್ತದೆ. ಓಪನ್ ಜೆಡಿಕೆ ತಾಣದಲ್ಲಿ ಇವೆಲ್ಲ ಉಚಿತ. ಈ ವರದಿಗಾರನ ಅಭಿಪ್ರಾಯದಲ್ಲಿ, ನೂರು ಯೂಟ್ಯೂಬ್ ವಿಡಿಯೋಗಳಿಗಿಂತ ಹತ್ತು ಜೆಪ್‌ಗಳ ಓದು ಮೇಲು. ಜಾವಾ ಮತ್ತು ಇಂಗ್ಲಿಷ್ ಎರಡೂ ಒಟ್ಟಿಗೇ ಸುಧಾರಿಸುತ್ತವೆ ಎಂಬುದು ಮೇಲೋಗರ.

ಒಂದು ಎಚ್ಚರಿಕೆ. ‘ಪ್ರಿವ್ಯೂ’ ಎಂದು ಹಣೆಪಟ್ಟಿ ಹೊತ್ತು ಬರುವುದು ಪರೀಕ್ಷಾರ್ಥ ಮಾತ್ರ. ‘ಸ್ಟ್ರಿಂಗ್ ಟೆಂಪ್ಲೇಟ್’ ಎಂಬ ಸೌಲಭ್ಯ 21 ಹಾಗೂ 22ರಲ್ಲಿ ಹೀಗೆ ಬಂದಿತ್ತು, ಎಲ್ಲರೂ ಹೊಗಳಿದ್ದರು. ವಿನ್ಯಾಸ ತೃಪ್ತಿ ತರಲಿಲ್ಲವೆಂದು 23ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಎಂಬ ಮಂತ್ರವನ್ನು ಅರ್ಥ ತಿಳಿಯದೆ ಉರುಹೊಡೆದ ತಲೆಮಾರುಗಳೇ ನಮ್ಮಲ್ಲಿವೆ. ಅದಿಲ್ಲದೆಯೂ ಮೊದಲ ಪ್ರೋಗ್ರಾಂ ಬರೆಯುವ ಅವಕಾಶ 21ರಿಂದ 24ರವರೆಗೆ ನಾಲ್ಕು ಬಾರಿ ಪ್ರಿವ್ಯೂ ಆಗಿ, ಕೊನೆಗೆ 25ರಲ್ಲಿ ಖಾಯಂ ಆಯಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೂರನೆಯ ಸೆಮಿಸ್ಟರಿಗೇ ಜಾವಾ ಇದೆ. ಪಠ್ಯಕ್ರಮ ಬದಲಾಗಲು ವರ್ಷಗಳು ಬೇಕು, ಭಾಷೆ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಇದರಲ್ಲಿ ಅಧ್ಯಾಪಕರನ್ನು ದೂರಿ ಫಲವಿಲ್ಲ.

ಬನಹಟ್ಟಿ ಎಂಬುದರಲ್ಲಿ ಎಷ್ಟು ಅಕ್ಷರ?

ಇದೆಲ್ಲ ಇಂಗ್ಲಿಷಿನವರ ಸುದ್ದಿ, ನಮಗೇನು ಎಂದು ಕೇಳುವವರಿದ್ದಾರೆ. ಸಹಕಾರಿ ಸಂಘದ ರಸೀದಿ, ಕಾರ್ಖಾನೆಯ ಕಬ್ಬಿನ ಬಿಲ್ಲು, ಶಾಲೆಯ ದಾಖಲಾತಿ ಇವುಗಳನ್ನು ಕನ್ನಡದಲ್ಲಿ ಮುದ್ರಿಸುವ ಪ್ರೋಗ್ರಾಂ ಬರೆದವರು ಹಾಗೆ ಕೇಳಲಾರರು.

ಜಾವಾ ಮೊದಲ ದಿನದಿಂದಲೂ ಯುನಿಕೋಡ್ ಎಂಬ ವಿಶ್ವ ಅಕ್ಷರಮಾಲೆಯನ್ನು ನಂಬಿದ ಭಾಷೆ. ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಪ್ರತ್ಯೇಕ ಕೋಣೆಯಿದೆ. ನಮ್ಮ ಕಚೇರಿಗಳು ನುಡಿ, ಬರಹ ಎಂದು ಬೇರೆ ಬೇರೆ ಸಂಕೇತಗಳಲ್ಲಿ ಟೈಪು ಮಾಡುತ್ತಿದ್ದ ಕಾಲದಲ್ಲಿಯೇ ಜಾವಾಕ್ಕೆ ಕನ್ನಡ ಅಕ್ಷರ ಹಿಡಿದಿಟ್ಟುಕೊಳ್ಳುವುದು ಗೊತ್ತಿತ್ತು. ಹಿಡಿದಿಟ್ಟುಕೊಳ್ಳುವುದು ಒಂದು, ಸರಿಯಾಗಿ ಬರೆಯುವುದು ಮತ್ತೊಂದು. ವಿಂಡೋಸ್ ಗಣಕದಲ್ಲಿ ಸಂಕೇತದ ಹೆಸರು ಹೇಳದೆ ಕಡತ ಬರೆದರೆ ಜಾವಾ ಆ ಗಣಕದ ರೂಢಿಯ ಇಂಗ್ಲಿಷ್ ಸಂಕೇತವನ್ನೇ ಬಳಸುತ್ತಿತ್ತು. ಪರಿಣಾಮ, ಕಡತ ತೆರೆದರೆ ರೈತರ ಹೆಸರಿನ ಜಾಗದಲ್ಲೆಲ್ಲ ಸಾಲುಗಟ್ಟಿದ ಪ್ರಶ್ನಾರ್ಥಕ ಚಿಹ್ನೆಗಳು. 2022ರ ಮಾರ್ಚ್‌ನಲ್ಲಿ ಬಂದ 18ನೆಯ ಆವೃತ್ತಿ, 400ನೆಯ ಜೆಪ್ ಪ್ರಕಾರ, ಎಲ್ಲ ಗಣಕಗಳಲ್ಲಿಯೂ ಯುಟಿಎಫ್-8 ಸಂಕೇತವನ್ನೇ ರೂಢಿಯಾಗಿಸಿತು. ಕನ್ನಡದ ಪ್ರೋಗ್ರಾಮರಿಗೆ ಇದಕ್ಕಿಂತ ದೊಡ್ಡ ಸುದ್ದಿ ಆ ವರ್ಷ ಇರಲಿಲ್ಲ. ಆದರೆ ಅದು ಯಾವ ಕನ್ನಡ ಪತ್ರಿಕೆಯಲ್ಲೂ ಬಂದದ್ದು ನಾನು ಕಾಣೆ. (ಪ್ರೋಗ್ರಾಂ ಓಡಿಸುವ ಕಪ್ಪು ಕಿಟಕಿಯ ಮಾತು ಬೇರೆ, ಅಲ್ಲಿನ ಸಂಕೇತವನ್ನು ಈಗಲೂ ಆಯಾ ಗಣಕವೇ ತೀರ್ಮಾನಿಸುತ್ತದೆ.) ಅದಕ್ಕೂ ಮುನ್ನ 2017ರ 9ನೆಯ ಆವೃತ್ತಿಯಲ್ಲಿ ಅಕ್ಷರ ಜೋಡಣೆಗೆ ‘ಹಾರ್ಫ್‌ಬಝ್’ ಎಂಬ ಯಂತ್ರವನ್ನು ಬಳಸಿದ್ದು ಒತ್ತಕ್ಷರದ ಭಾಷೆಗಳವರು ಗಮನಿಸಬೇಕಾದ ಬದಲಾವಣೆಯಾಗಿತ್ತು.

ಇನ್ನು ಊರ ಹೆಸರಿಗೆ ಬರೋಣ. ‘ಜಮಖಂಡಿ’ ಎಂಬುದರಲ್ಲಿ ಕಣ್ಣಿಗೆ ಕಾಣುವ ಅಕ್ಷರ ನಾಲ್ಕು. ಉದ್ದ ಎಷ್ಟು ಎಂದು ಜಾವಾವನ್ನು ಕೇಳಿದರೆ 6 ಎನ್ನುತ್ತದೆ. ಅನುಸ್ವಾರ ಮತ್ತು ಗುಡಿಸು ಅದರ ಲೆಕ್ಕದಲ್ಲಿ ಪ್ರತ್ಯೇಕ. ‘ಬನಹಟ್ಟಿ’ಗೆ 7 ಎನ್ನುತ್ತದೆ. ‘ಮುಧೋಳ’ದ ಕಥೆ ಇನ್ನೂ ಸ್ವಾರಸ್ಯಕರ. ಅದರ ‘ಧೋ’ದಲ್ಲಿರುವ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಒಬ್ಬ ಗುಮಾಸ್ತ ಒಂದು ರೀತಿ, ಇನ್ನೊಬ್ಬ ಇನ್ನೊಂದು ರೀತಿ ದಾಖಲಿಸಿದರೆ ಜಾವಾ ‘ಇವೆರಡೂ ಬೇರೆ ಊರು’ ಎಂದುಬಿಡುತ್ತದೆ. ‘ಬೀಳಗಿ’ಯ ದೀರ್ಘ ಈಕಾರಕ್ಕೂ ಇದೇ ಗತಿ. ಪರಿಹಾರ 2006ರಲ್ಲಿ ಬಂದ 6ನೆಯ ಆವೃತ್ತಿಯಿಂದಲೇ ಇದೆ. ‘ನಾರ್ಮಲೈಝರ್’ ಎಂಬ ಸಾಧನ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಗೊತ್ತಿಲ್ಲದವರು ಮಾತ್ರ ಎರಡು ಮುಧೋಳಗಳ ಪಟ್ಟಿ ಹಿಡಿದು ತಲೆ ಕೆಡಿಸಿಕೊಳ್ಳುತ್ತಾರೆ.

ಕಣ್ಣಿಗೆ ಕಾಣುವ ಅಕ್ಷರವನ್ನೇ ಎಣಿಸುವ ವ್ಯವಸ್ಥೆ 2023ರ ಮಾರ್ಚ್‌ನ 20ನೆಯ ಆವೃತ್ತಿಯಲ್ಲಿ ಸುಧಾರಿಸಿತು. ಅದರಂತೆ ಜಮಖಂಡಿಗೆ ಸರಿಯಾಗಿ ನಾಲ್ಕೇ ಬರುತ್ತದೆ. ಬನಹಟ್ಟಿಗೆ ಮಾತ್ರ ಐದು! ‘ಟ್ಟಿ’ ಎಂಬ ಒತ್ತಕ್ಷರವನ್ನು ಅದು ‘ಟ್’ ಮತ್ತು ‘ಟಿ’ ಎಂದು ಒಡೆಯುತ್ತದೆ. 2023ರಲ್ಲಿಯೇ ಬಂದ ಯುನಿಕೋಡ್ 15.1 ಒತ್ತಕ್ಷರಗಳನ್ನು ಒಡೆಯಬಾರದೆಂಬ ನಿಯಮ ತಂದಿತು. ಆ ನಿಯಮ ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. 22ನೆಯ ಆವೃತ್ತಿಯಿಂದ ಜಾವಾ ಅದೇ ಪಟ್ಟಿಯನ್ನು ತನ್ನದಾಗಿಸಿಕೊಂಡಿತು. ಇಂಥ ಪಟ್ಟಿಗಳು ಗುಟ್ಟಾಗಿ ಸಿದ್ಧವಾಗುವುದಿಲ್ಲ. ಯುನಿಕೋಡ್ ಸಂಸ್ಥೆ ಕರಡನ್ನು ಮೊದಲೇ ಪ್ರಕಟಿಸಿ ಯಾರು ಬೇಕಾದರೂ ಆಕ್ಷೇಪ, ಸಲಹೆ ಕಳಿಸಲು ಅವಕಾಶ ಕೊಡುತ್ತದೆ. ಸುದ್ದಿ ತಿಳಿದಿದ್ದವರಿಗಷ್ಟೇ ಆ ಅವಕಾಶ ದಕ್ಕುತ್ತದೆ.

ಆ ಶುಕ್ರವಾರ

ಸುದ್ದಿಯ ಬೆಲೆ ಇಡೀ ಜಗತ್ತಿಗೆ ತಿಳಿದದ್ದು 2021ರ ಡಿಸೆಂಬರ್ 10ರ ಶುಕ್ರವಾರ. ಜಾವಾ ಪ್ರೋಗ್ರಾಮುಗಳು ತಮ್ಮ ದಿನಚರಿ ಬರೆದಿಡಲು ಬಳಸುವ ‘ಲಾಗ್4ಜೆ’ ಎಂಬ ಉಚಿತ ಸಾಧನದಲ್ಲಿ ಭಯಂಕರ ಲೋಪವೊಂದು ಬಯಲಾಯಿತು. ದಿನಚರಿಯಲ್ಲಿ ದಾಖಲಾಗುವಂಥ ಜಾಗದಲ್ಲಿ ಗೊತ್ತಾದ ಒಂದು ಸಾಲನ್ನು ತುರುಕಿದರೆ ಸಾಕು, ಸರ್ವರ್ ತಾನಾಗಿಯೇ ಹೊರಗಿನಿಂದ ಕಳ್ಳನ ಪ್ರೋಗ್ರಾಂ ತರಿಸಿಕೊಂಡು ಓಡಿಸುತ್ತಿತ್ತು. ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ ಹರಟೆ ಪೆಟ್ಟಿಗೆಯಲ್ಲಿ ಆ ಸಾಲು ಬರೆದೇ ಸರ್ವರ್‌ಗಳನ್ನು ವಶಪಡಿಸಿಕೊಂಡವರಿದ್ದರು. ಅಪಾಯದ ಅಳತೆಯಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತಕ್ಕೆ ಹತ್ತು ಅಂಕ. ಚೀನಾದ ಅಲಿಬಾಬಾ ಕಂಪನಿಯ ಭದ್ರತಾ ತಂಡ ನವೆಂಬರ್ 24ರಂದೇ ಇದನ್ನು ಅಪಾಚಿ ಸಂಸ್ಥೆಯ ಗಮನಕ್ಕೆ ತಂದಿತ್ತು. ಡಿಸೆಂಬರ್ ಮುಗಿಯುವುದರೊಳಗೆ 2.15, 2.16, 2.17, 2.17.1 ಎಂದು ನಾಲ್ಕು ಬಾರಿ ತೇಪೆ ಹಾಕಬೇಕಾಯಿತು. ಭಾರತದ ಸರ್ಟ್-ಇನ್ ಸಂಸ್ಥೆಯೂ ಎಚ್ಚರಿಕೆ ಹೊರಡಿಸಿತು.

ಮೊದಲ ತೇಪೆ ಹಾಕಿ ನಿರಾಳವಾಗಿ ಮಲಗಿದವರು ಮುಂದಿನ ವಾರ ಮತ್ತೆ ಏಳಬೇಕಾಯಿತು ಎಂಬುದು ಗಮನಾರ್ಹ. ಇಲ್ಲಿನ ಪಟ್ಟಣಗಳ ಸಂಸ್ಥೆಗಳಲ್ಲಿ ತಂತ್ರಾಂಶವನ್ನು ಹೊರಗಿನವರಿಂದ ಒಮ್ಮೆ ಕೊಂಡು ವರ್ಷಾನುಗಟ್ಟಲೆ ಮುಟ್ಟದಿರುವುದು ವಾಡಿಕೆ. ಅದರೊಳಗೆ ಲಾಗ್4ಜೆ ಇದೆಯೇ, ಇದ್ದರೆ ಯಾವ ಆವೃತ್ತಿ ಎಂದು ಕೇಳಬಲ್ಲ ಒಬ್ಬ ನೌಕರ ಇದ್ದರೂ ಸಾಕು. ಸರ್ಟ್-ಇನ್ ಪ್ರಕಟಣೆಗಳು ಅದರ ತಾಣದಲ್ಲಿ ಎಲ್ಲರಿಗೂ ಲಭ್ಯ.

ಪರವಾನಗಿ ಎಂಬ ಹಣದ ವಿಚಾರ

ಜಾವಾ ಉಚಿತವೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಒರಾಕಲ್ 8ನೆಯ ಆವೃತ್ತಿಗೆ ವಾಣಿಜ್ಯ ಬಳಕೆದಾರರಿಗೆ ಕೊಡುತ್ತಿದ್ದ ಉಚಿತ ಪರಿಷ್ಕರಣೆಗಳನ್ನು 2019ರ ಜನವರಿಗೆ ನಿಲ್ಲಿಸಿತು. 2021ರಲ್ಲಿ 17ನೆಯ ಆವೃತ್ತಿಯೊಂದಿಗೆ ಮತ್ತೆ ಉಚಿತವೆಂದಿತು. ಆದರೆ ಮುಂದಿನ ದೀರ್ಘಾವಧಿ ಆವೃತ್ತಿ ಬಂದು ಒಂದು ವರ್ಷದವರೆಗೆ ಮಾತ್ರ. ಆ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿಯಿತು. 2023ರ ಜನವರಿಯಲ್ಲಿ ಜಾರಿಗೆ ಬಂದ ಚಂದಾ ಪದ್ಧತಿಯಲ್ಲಂತೂ ಜಾವಾ ಬಳಸುವ ಗಣಕಗಳು ಎಷ್ಟು ಎಂಬುದು ಮುಖ್ಯವಲ್ಲ, ಸಂಸ್ಥೆಯಲ್ಲಿ ಒಟ್ಟು ನೌಕರರು ಎಷ್ಟು ಎಂಬುದೇ ಲೆಕ್ಕ. ಎರಡು ಗಣಕದಲ್ಲಿ ಜಾವಾ ಇಟ್ಟುಕೊಂಡ ಕಾರ್ಖಾನೆ ನೂರಾರು ಕಾರ್ಮಿಕರ ತಲೆ ಎಣಿಸಿ ಹಣ ಕಟ್ಟಬೇಕಾದ ಸಂದರ್ಭ ಬರಬಹುದು.

ಇದಕ್ಕೆ ಗಾಬರಿಯಾಗಬೇಕಿಲ್ಲ. ಅದೇ ಮುಕ್ತ ಕೋಡಿನಿಂದ ತಯಾರಾದ ಎಕ್ಲಿಪ್ಸ್ ಟೆಮುರಿನ್, ಅಮೆಝಾನ್ ಕೊರೆಟೊ, ಅಝುಲ್ ಝುಲು ಮುಂತಾದವು ಉಚಿತವಾಗಿಯೇ ಸಿಗುತ್ತವೆ. ಯಾವುದನ್ನು ಇಳಿಸಿಕೊಂಡಿದ್ದೇವೆ ಎಂಬುದು ಗೊತ್ತಿದ್ದರಾಯಿತು.

ಹೆಸರು ಬದಲಾವಣೆಯ ಸುದ್ದಿಯೂ ಒಂದಿದೆ. ದೊಡ್ಡ ಸಂಸ್ಥೆಗಳಿಗೆ ಬೇಕಾದ ‘ಜಾವಾ ಇಇ’ ಭಾಗವನ್ನು ಒರಾಕಲ್ 2017ರಲ್ಲಿ ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸಿತು. ಜಾವಾ ಎಂಬ ಹೆಸರಿನ ಹಕ್ಕು ಮಾತ್ರ ಬಿಟ್ಟುಕೊಡಲಿಲ್ಲ. ಹೀಗಾಗಿ ಅದು ‘ಜಕಾರ್ತಾ ಇಇ’ ಆಯಿತು, ಕೋಡಿನಲ್ಲಿದ್ದ ‘ಜಾವಾಎಕ್ಸ್’ ಎಂಬ ಪೂರ್ವಪದವೂ ‘ಜಕಾರ್ತಾ’ ಎಂದಾಯಿತು. 2022ರ ನವೆಂಬರ್‌ನಲ್ಲಿ ಬಂದ ಸ್ಪ್ರಿಂಗ್ ಬೂಟ್ 3 ಇದನ್ನು ಅನುಸರಿಸಿತಲ್ಲದೆ ಕನಿಷ್ಠ ಜಾವಾ 17 ಬೇಕೆಂದೂ ಕಡ್ಡಾಯಗೊಳಿಸಿತು. ಹಳೆಯ ಪುಸ್ತಕ ನೋಡಿ ಬರೆದ ಪ್ರಾಜೆಕ್ಟ್ ಹೊಸ ಗಣಕದಲ್ಲಿ ಓಡದಿರುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಬಳಗ ಎಲ್ಲಿದೆ?

ಓದುವುದಕ್ಕೆ ಬಾಗಿಲುಗಳು ಹಲವು. ಒರಾಕಲ್ ತಂಡವೇ ನಡೆಸುವ ‘ಇನ್‌ಸೈಡ್ ಜಾವಾ’ ಮತ್ತು ಕಲಿಯುವವರಿಗಾಗಿ ಇರುವ ‘ದೇವ್ ಜಾವಾ’ ಮೊದಲ ಎರಡು. ‘ಇನ್‌ಫೋಕ್ಯು’ ಪತ್ರಿಕೆಯ ಜಾವಾ ವಿಭಾಗ ಹಾಗೂ 2020ರಲ್ಲಿ ಹುಟ್ಟಿದ ‘ಫೂಜೇ’ ತಾಣ ಇನ್ನೆರಡು. ಇವುಗಳಲ್ಲಿ ಒಂದನ್ನು ವಾರಕ್ಕೊಮ್ಮೆ ಅರ್ಧ ಗಂಟೆ ನೋಡಿದರೂ ಹಿಂದೆ ಬೀಳುವ ಭಯವಿಲ್ಲ. ಕಲಿಕೆಯ ಬುನಾದಿಗೆ ಖರಗಪುರ ಐಐಟಿಯ ಪ್ರೊ. ದೇಬಾಶಿಶ್ ಸಾಮಂತ ಅವರ ಜಾವಾ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತ. ಮುಂಬಯಿ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಗಣಕ ಪಾಠಗಳನ್ನು ಕನ್ನಡವೂ ಸೇರಿದಂತೆ ಅನೇಕ ಭಾರತೀಯ ಭಾಷೆಗಳಿಗೆ ತಂದಿದೆ.

ಓದಿನಿಂದ ಸಿಗದೆ ಇರುವುದು ಸಂಗ. ಜಾವಾ ಲೋಕದಲ್ಲಿ ಅದಕ್ಕೆ ಬಳಕೆದಾರರ ಬಳಗ ಎಂಬ ಹಳೆಯ ಸಂಪ್ರದಾಯವಿದೆ, ಚುಟುಕಾಗಿ ‘ಜಗ್’ ಎನ್ನುತ್ತಾರೆ. ಬೆಂಗಳೂರಿನಲ್ಲಿ ‘ಬೋಜಗ್’ ಎಂಬ ಮುಕ್ತ ಬಳಗವಿದೆ. 2008ರಲ್ಲಿ ಆರಂಭವಾದ ಗ್ರೇಟ್ ಇಂಟರ್‌ನ್ಯಾಷನಲ್ ಡೆವಲಪರ್ ಸಮಿಟ್ ಎಂಬ ಸಮ್ಮೇಳನವೂ ಆ ನಗರದ್ದೇ. ಜಮಖಂಡಿಯಿಂದ ಬೆಂಗಳೂರು 500 ಕಿ.ಮೀ.ಗೂ ಹೆಚ್ಚು ದೂರ. ಪುಣೆಯೇ ಹತ್ತಿರ. ಒಂದು ಸಂಜೆಯ ಉಪನ್ಯಾಸಕ್ಕಾಗಿ ಎರಡು ರಾತ್ರಿ ಬಸ್ಸಿನಲ್ಲಿ ಕಳೆಯುವುದು ವಿದ್ಯಾರ್ಥಿಗಳಿಗೆ ಆಗದ ಮಾತು. ಇಲ್ಲಿನ ಅನನುಕೂಲ ಇರುವುದು ನಿಜವಾಗಿ ಇದೊಂದರಲ್ಲಿಯೇ.

ಆದರೆ ಬಳಗ ಕಟ್ಟಲು ಯಾರ ಅಪ್ಪಣೆಯೂ ಬೇಡ. ನೋಂದಣಿ ಬೇಡ, ಶುಲ್ಕವಿಲ್ಲ. ತಿಂಗಳಿಗೊಂದು ಭಾನುವಾರ, ಕಾಲೇಜಿನ ಒಂದು ಕೋಣೆ, ಒಬ್ಬೊಬ್ಬರು ಒಂದೊಂದು ಜೆಪ್ ಓದಿಕೊಂಡು ಬಂದು ಕನ್ನಡದಲ್ಲಿ ವಿವರಿಸುವುದು, ಇಷ್ಟರಿಂದ ಆರಂಭವಾಗಬಹುದು. ಊರು ಬಿಟ್ಟುಹೋಗಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವವರು ಹಬ್ಬಕ್ಕೋ ಜಾತ್ರೆಗೋ ಬಂದಾಗ ಒಂದು ಗಂಟೆ ಕೂರಿಸಿಕೊಳ್ಳುವುದು ಕಷ್ಟವೇನಲ್ಲ. ಮುಂದಿನ ಆವೃತ್ತಿಯ ಪರೀಕ್ಷಾರ್ಥ ಪ್ರತಿಗಳು ಓಪನ್ ಜೆಡಿಕೆ ತಾಣದಲ್ಲಿ ಮೊದಲೇ ಸಿಗುತ್ತವೆ. ಅದರಲ್ಲಿ ತಮ್ಮ ಪ್ರಾಜೆಕ್ಟ್ ಓಡಿಸಿ, ಕನ್ನಡದ ಹೆಸರುಗಳು ಸರಿಯಾಗಿ ಬರುತ್ತವೆಯೇ ಎಂದು ನೋಡಿ, ಬಾರದಿದ್ದರೆ ಜಾವಾದ ದೋಷ ವರದಿ ತಾಣಕ್ಕೆ ಬರೆಯಬಹುದು. ಬರೆದದ್ದು ಒಪ್ಪಿಗೆಯಾದರೆ ಅದಕ್ಕೊಂದು ಸಂಖ್ಯೆ ಬೀಳುತ್ತದೆ, ಆ ಸಂಖ್ಯೆಯ ಗತಿಯನ್ನು ಯಾರು ಬೇಕಾದರೂ ನೋಡಬಹುದು. ಉದ್ಯೋಗದ ಅರ್ಜಿಯಲ್ಲಿ ಬರೆದುಕೊಳ್ಳಲು ಖಾಸಗಿ ತರಬೇತಿಯ ಪ್ರಮಾಣಪತ್ರಕ್ಕಿಂತ ಅದು ತೂಕದ್ದು.

25ರ ನಂತರದ ದೀರ್ಘಾವಧಿ ಆವೃತ್ತಿ 29. ಅದನ್ನು 2027ರ ಸೆಪ್ಟೆಂಬರ್‌ಗೆ ನಿಗದಿ ಮಾಡಲಾಗಿದೆ. 2025-26ರಲ್ಲಿ ಎಂಜಿನಿಯರಿಂಗ್ ಸೇರಿದವರು ಅಂದು ಐದನೆಯ ಸೆಮಿಸ್ಟರಿನಲ್ಲಿರುತ್ತಾರೆ.